ಚಿತ್ರಸಂತೆ ಮುಗೀತು, ಕೆಳಗಿನ ಮನೆ ಅಕ್ಕನಿಗೆ ಶರಣು

ಕುಮಾರಕೃಪಾ ರಸ್ತೆಯ ಚಿತ್ರಸಂತೆಯಲ್ಲಿ ಈ ಸಲ ನನ್ನದೂ ಒಂದು ಮಳಿಗೆ ಇತ್ತು. ನಾಯಿ, ಬೆಕ್ಕು, ಒಂದು ಗಿಳಿ, ಎಲ್ಲವೂ ಫೋಟೋ ನೋಡಿ ಬರೆದ ಜಲವರ್ಣಗಳು. ನಿಂತು ನೋಡಿದವರು ಫೋನ್ ತೆಗೆದು ತಮ್ಮ ಮನೆಯ ಮುದ್ದಿನ ಮೂತಿ ತೋರಿಸಿದರು. ಸಂಜೆ ಹೊತ್ತಿಗೆ ಆರ್ಡರ್ ಪುಸ್ತಕ ತುಂಬಿತ್ತು.

ಹೋದ ವರ್ಷ ಇದೇ ಹೊತ್ತಿಗೆ ನಾನು ಕುಂಚ ಮುಟ್ಟುತ್ತಿರಲಿಲ್ಲ. ನಮ್ಮ ನಾಯಿ ಕರಿಯ ಕಾಯಿಲೆ ಬಿದ್ದು ಹೋಗಿಬಿಟ್ಟಿದ್ದ, ಆ ಕಥೆ ಮತ್ತೆ ಬೇಡ. ಅವೇಳೆಯಲ್ಲೂ ಮನೆಗೇ ಬಂದ ಡಾಕ್ಟರಿಗೆ, ಫ್ರೇಮಿನ ದುಡ್ಡಿಗೆ ಅವಸರ ಮಾಡದ ಗಾಂಧಿಬಜಾರಿನ ಅಣ್ಣನಿಗೆ, ಬಿಸಿಲಲ್ಲಿ ಮಳಿಗೆ ಕಾದ ಗೆಳತಿಯರಿಗೆ, ಮುಂಗಡ ಕೊಟ್ಟೂ ಬಾಯಿಬಿಡದೆ ಕಾದ ಗಿರಾಕಿಗಳಿಗೆ ನಮಸ್ಕಾರ.

ಇನ್ನು ಕೆಳಗಿನ ಮನೆ ಅಕ್ಕ.

ಅಕ್ಕನಿಗೆ ನಾಯಿ ಅಂದರೆ ಅಂಥ ಪ್ರೀತಿಯೇನಿಲ್ಲ. ಮೆಟ್ಟಿಲ ಮೇಲೆ ಕೂದಲು ಬಿದ್ದರೆ ಬೈಯುತ್ತಿದ್ದರು. ಕರಿಯನ ಕೊನೆಯ ರಾತ್ರಿ ಮಾತ್ರ ಕರೆಯದೆಯೇ ಮೇಲೆ ಬಂದರು, ಗೋಣಿಚೀಲ ಮಡಚಿ ಕರಿಯನ ಪಕ್ಕ ಹಾಕಿಕೊಂಡು ಕೂತರು. ಹತ್ತಿಯನ್ನು ನೀರಿಗದ್ದಿ ಅವನ ತುಟಿ ಒದ್ದೆ ಮಾಡುತ್ತಾ ಬೆಳಗಾಗುವವರೆಗೆ ಏಳಲಿಲ್ಲ. ನಾನು ಅತ್ತೆ, ನಾಚಿಕೆ ಬಿಟ್ಟು ಅತ್ತೆ. ಒಂದು ನಾಯಿಗೆ ಇಷ್ಟೆಲ್ಲಾ ಅಳಬಹುದಾ ಅಂತ ನಾನೇ ಕೇಳಿದ್ದಕ್ಕೆ ಅಕ್ಕ ಅಂದರು: “ನಮ್ಮ ಕಡೆ ಆತಕೂರಲ್ಲಿ ನಾಯಿಗೇ ಕಲ್ಲು ಕೆತ್ಸವ್ರೆ ಕಣವ್ವ. ಅಳು.”

ಆಮೇಲೆ ಹುಡುಕಿ ಓದಿದೆ. ನಿಜ. ಮದ್ದೂರು ತಾಲ್ಲೂಕಿನ ಆತಕೂರಿನ ಆ ಶಾಸನ ಕ್ರಿ.ಶ. 949ರ ಸುಮಾರಿನದು. ಚೋಳರ ವಿರುದ್ಧದ ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರ ಎಂಬ ಗಂಗರ ವೀರ, ಅರಸನಿಂದ ಬಹುಮಾನವಾಗಿ ಬೇಡಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಅದು ಕಾಡುಹಂದಿಯ ಜೊತೆ ಹೋರಾಡಿತು, ಎರಡೂ ಸತ್ತವು. ಕಲ್ಲಿನ ಮೇಲೆ ನಾಯಿ, ಹಂದಿ ಮುಖಾಮುಖಿಯಾಗಿವೆ. ಸಾವಿರ ವರ್ಷದ ಹಿಂದಿನ ಆ ಶಿಲ್ಪಿಗೆ ಫೋಟೋ ಯಾರು ಕಳಿಸಿದ್ದರು?

ಕೊನೆಗೂ ಕರಿಯನನ್ನೇ ಬರೆಯಲು ಕೂತೆ. ಕಪ್ಪುನಾಯಿ ಬರೆಯುವುದು ಕಷ್ಟ. ಫೋಟೋದಲ್ಲಿ ಅದು ಬರೀ ಮಸಿಗುಡ್ಡೆ, ಫ್ಲ್ಯಾಶ್ ಹಾಕಿದ್ದರೆ ಕಣ್ಣು ಹಸಿರು ದೀಪ. ಟ್ಯೂಬಿನ ಕಪ್ಪು ಬಳಿದರೆ ಜೀವ ಹೋಗುತ್ತದೆ. ಅಲ್ಟ್ರಾಮರೀನ್ ನೀಲಿಗೆ ಬರ್ಂಟ್ ಅಂಬರ್ ಅನ್ನುವ ಕಂದು ಬೆರೆಸಿ, ಬೆಳಕು ಬೀಳುವ ಕಡೆ ನೀಲಿ ಹೆಚ್ಚು, ಹೊಟ್ಟೆಯ ಕಡೆ ಕಂದು ಹೆಚ್ಚು ಮಾಡಿಕೊಂಡು ಬರೆದೆ. ಚೆನ್ನಾಗಿಯೇ ಬಂತು ಅಂದುಕೊಂಡೆ. ಅಕ್ಕ ನೋಡಿ, “ಕಿವಿ ಇದಲ್ಲ. ಎಡಗಿವಿ ಮಡಚ್ಕೊಂಡೇ ಇರ್ತಿತ್ತು” ಅಂದರು.

ಇದ್ದಬದ್ದ ಫೋಟೋಗಳನ್ನೆಲ್ಲ ತೆಗೆದು ನೋಡಿದೆ. ಒಂದರಲ್ಲೂ ಆ ಮಡಿಕೆ ಇಲ್ಲ. ಇರುವುದಾದರೂ ಹೇಗೆ? ಫೋನ್ ಹಿಡಿದು ನಾವು “ಕರಿಯಾ!” ಅಂತ ಕೂಗಿದಾಗಲೆಲ್ಲ ಅವನು ಕಿವಿ ನಿಮಿರಿಸುತ್ತಿದ್ದ. ಸುಮ್ಮನೆ ಮಲಗಿದ್ದವನನ್ನು ದಿನಾ ನೋಡುತ್ತಿದ್ದುದು ಮೆಟ್ಟಿಲು ಗುಡಿಸುವ ಅಕ್ಕ.

ಅಂದಿನಿಂದ ಆರ್ಡರ್ ಬಂದರೆ ಫೋಟೋ ಜೊತೆ ಇನ್ನೊಂದು ಕೇಳುತ್ತೇನೆ: ಅದಕ್ಕೆ ಅನ್ನ ಹಾಕುವವರು ಯಾರು, ಅವರ ಹತ್ತಿರ ಮಾತಾಡಬಹುದಾ? ಅಜ್ಜಿಯಂದಿರು, ಮನೆಗೆಲಸದವರು ಹೇಳುವುದು ಯಾವ ಕ್ಯಾಮೆರಾದಲ್ಲೂ ಸಿಕ್ಕುವುದಿಲ್ಲ. ಮಳಿಗೆಯಲ್ಲಿ ಜನ ಮೆಚ್ಚಿದ್ದೂ ಅದನ್ನೇ. ಅದರ ಕೀರ್ತಿ ಅಕ್ಕನಿಗೆ ಸೇರಬೇಕು.

ಚಿತ್ರಸಂತೆ ದುಡ್ಡಲ್ಲಿ ಸೀರೆ ತರುತ್ತೇನೆ ಅಂದೆ, ಬೇಡವಂತೆ. ತವರಿನಲ್ಲಿದ್ದ ಹಳ್ಳಿಕಾರ್ ಹಸುವಿನ ಚಿತ್ರ ಬೇಕಂತೆ. ಒಂದೇ ಒಂದು ಫೋಟೋನೂ ಇಲ್ಲ. ಹಾಗಾಗಿ ಆರ್ಡರ್ ಕೊಟ್ಟವರು ಸ್ವಲ್ಪ ತಡೆದುಕೊಳ್ಳಿ. ದಿನಾ ಸಂಜೆ ಅಕ್ಕ ಹೇಳುತ್ತಾ ಹೋಗುತ್ತಾರೆ, ನಾನು ಅಳಿಸಿ ಅಳಿಸಿ ಬರೆಯುತ್ತಿದ್ದೇನೆ. ಕೊಂಬು ಇನ್ನೂ ಸರಿಯಾಗಿಲ್ಲವಂತೆ.