ಸೆಕೆಗೂ ಭೂಕಂಪಕ್ಕೂ ನಂಟಿಲ್ಲ

ಮಾನ್ಯರೆ,

ನಮ್ಮ ತೋಟದ ಮನೆಯ ಜಗುಲಿಯಲ್ಲಿ ಹಳೇ ನೋಟ್‌ಬುಕ್ಕೊಂದು ನೇತಾಡುತ್ತದೆ. ಬೇಸಿಗೆಯ ಉಷ್ಣಾಂಶ, ಕಾಫಿ ಹೂವರಳಿಸುವ ಹೂಮಳೆ ಎಷ್ಟು ಸೆಂಟ್ (ಇಂಚಿನ ನೂರನೇ ಒಂದು ಭಾಗ) ಬಿತ್ತು, ಎಲ್ಲ ಅದರಲ್ಲಿದೆ. 2022ರ ಜೂನ್ 23ರ ಪುಟದಲ್ಲಿ ಮಾತ್ರ 'ಹೊಳೆನರಸೀಪುರದ ಕಡೆ ಭೂಕಂಪ, 3.4' ಎಂದೂ ಗೀಚಿದ್ದೇನೆ.

ಈ ಸಲ ಸೆಕೆ ಏರಿದ್ದೇ ತಡ, 'ಇಷ್ಟು ಕಾವಿಗೆ ಭೂಮಿ ನಡುಗದೆ ಇರುತ್ತಾ?' ಎಂದು ವಾಟ್ಸ್‌ಆ್ಯಪ್ ಪಂಡಿತರು ಶುರುವಿಟ್ಟುಕೊಂಡರು. ಬೇಸಿಗೆಯ ಕಾವು ನೆಲದೊಳಗೆ ಇಳಿಯುವುದು ಹತ್ತಿಪ್ಪತ್ತು ಮೀಟರ್ ಅಷ್ಟೇ. ಆಳದ ಬಾವಿ ನೀರು ಏಪ್ರಿಲ್‌ನಲ್ಲೂ ತಣ್ಣಗಿರುವುದು ಅದಕ್ಕೇ. ಭೂಕಂಪ ಹುಟ್ಟುವುದು ಕಿಲೋಮೀಟರ್‌ಗಟ್ಟಲೆ ಕೆಳಗೆ. 1967ರಲ್ಲಿ ಮಹಾರಾಷ್ಟ್ರದ ಕೊಯ್ನಾ ನಡುಗಿದ್ದು ಡಿಸೆಂಬರ್ ಚಳಿಯಲ್ಲಿ.

ಕಂಪನದ ಸುದ್ದಿಯಲ್ಲಿ ತೀವ್ರತೆಯ ಜೊತೆ ಆಳವನ್ನೂ ಹಾಕಿ. ಚಿನ್ನದ ಬೆಲೆಯಂತೆ ತಾಲ್ಲೂಕುವಾರು ಮಳೆಯನ್ನೂ ದಿನಾ ಕೊಟ್ಟರೆ ನನ್ನಂಥವರಿಗೆ ಹಬ್ಬ.

– ಕಾಫಿ ಬೆಳೆಗಾರ, ಸಕಲೇಶಪುರ