ವೈದ್ಯಕೀಯ ಪರೀಕ್ಷೆಯಲ್ಲಿ ರೋಗಿಯ ಮಾತಿಗೂ ಅಂಕವಿರಲಿ

ಮಾನ್ಯ ಸಂಪಾದಕರೇ,

ಮೂಡಿಗೆರೆ ತಾಲ್ಲೂಕಿನ ಕಾಫಿ ತೋಟವೊಂದರಲ್ಲಿ ನಾನು 26 ವರ್ಷಗಳಿಂದ ರೈಟರ್ ಆಗಿದ್ದೇನೆ. ಹಾಜರಿ ಬರೆಯುವುದು, ಬಟವಾಡೆ, ಕಣದ ಲೆಕ್ಕ ನನ್ನ ಕೆಲಸ. ಮಗಳು ಹಾಸನದಲ್ಲಿ ಎಂಬಿಬಿಎಸ್ ಕೊನೆಯ ವರ್ಷ ಓದುತ್ತಿದ್ದಾಳೆ. ಪರೀಕ್ಷೆಗೆ ಮುನ್ನ ಹತ್ತು ದಿನ ಮನೆಗೆ ಬಂದಿದ್ದಳು. ಜೀರ್ಣಾಂಗ ಮತ್ತು ಯಕೃತ್ತಿನ ಕಾಯಿಲೆಗಳನ್ನು ಮತ್ತೊಮ್ಮೆ ಓದಿ ಒಪ್ಪಿಸಲು ನನ್ನನ್ನೇ ಎದುರಿಗೆ ಕೂರಿಸಿಕೊಂಡಳು. ಟಿಪ್ಪಣಿ ಪುಸ್ತಕ ನನ್ನ ಕೈಯಲ್ಲಿ. ನಾನು ಇಂಗ್ಲಿಷನ್ನು ಅಕ್ಷರ ಕೂಡಿಸಿ ಪ್ರಶ್ನೆ ಓದಬೇಕು, ಅವಳು ಕಾಫಿ ಹರವಿದ ಕಣದ ಅಂಚಿನಲ್ಲಿ ಅತ್ತಿಂದಿತ್ತ ನಡೆಯುತ್ತ ಉತ್ತರ ಹೇಳಬೇಕು, ನನಗೆ ಅರ್ಥವಾಗದ್ದನ್ನು ಕನ್ನಡದಲ್ಲಿ ಬಿಡಿಸಬೇಕು. ಆ ಸಂಜೆಗಳಲ್ಲೊಂದು ನನ್ನನ್ನು ಈ ಪತ್ರ ಬರೆಯಲು ಕೂರಿಸಿದೆ.

ಅಂದಿನ ಪಾಠ ಸಿರೋಸಿಸ್. ಯಕೃತ್ತು ಗಂಟುಗಟ್ಟಿ ಗಡುಸಾಗುವ ಈ ಕಾಯಿಲೆ ಎಷ್ಟು ಮುಂದುವರಿದಿದೆ ಎಂದು ಅಳೆಯಲು ಚೈಲ್ಡ್-ಪ್ಯೂ ಎಂಬ ಲೆಕ್ಕವಿದೆ. ರಕ್ತದಲ್ಲಿನ ಬಿಲಿರುಬಿನ್ ಎಂಬ ಹಳದಿ ವಸ್ತು, ಆಲ್ಬುಮಿನ್ ಎಂಬ ಪ್ರೋಟೀನ್, ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ, ಹೊಟ್ಟೆಯಲ್ಲಿ ತುಂಬಿದ ನೀರು, ಮಂಕು ಕವಿದ ಬುದ್ಧಿ: ಈ ಐದಕ್ಕೂ 1ರಿಂದ 3 ಅಂಕ. ಒಟ್ಟು 5 ಅಥವಾ 6 ಆದರೆ ಎ ವರ್ಗ, 7ರಿಂದ 9 ಬಿ, 10ರಿಂದ 15 ಸಿ, ಅಂದರೆ ಕಾಯಿಲೆ ಬಹಳ ಮುಂದುವರಿದಿದೆ. ಲೆಕ್ಕ ಬರೆಯುವವನಾದ್ದರಿಂದ ನನಗೂ ಇದು ಬೇಗ ಹತ್ತಿತು. ಐದನೆಯದನ್ನು ವಿವರಿಸು ಎಂದೆ. ಅವಳು ಹೇಳಿದಳು: "ಅಪ್ಪಾ, ಕರುಳಿನಲ್ಲಿ ಹುಟ್ಟುವ ಅಮೋನಿಯಾವನ್ನು ಕೆಟ್ಟ ಲಿವರ್ ತೆಗೆದುಹಾಕಲಾರದು, ಅದು ಮಿದುಳಿಗೆ ಏರುತ್ತದೆ. ಮೊದಮೊದಲು ನಿದ್ದೆ ತಲೆಕೆಳಗಾಗುತ್ತದೆ, ಹಗಲು ತೂಕಡಿಕೆ, ರಾತ್ರಿ ಎಚ್ಚರ. ಆಮೇಲೆ ಕೈ ಚಾಚಿಸಿದರೆ ಮಣಿಕಟ್ಟು ಹಕ್ಕಿಯ ರೆಕ್ಕೆಯಂತೆ ಬಡಿಯುತ್ತದೆ. ಮಲಬದ್ಧತೆ, ಕರುಳಿನೊಳಗೆ ರಕ್ತಸ್ರಾವ, ಸೋಂಕು, ನಿದ್ದೆ ಮಾತ್ರೆ, ಇವೆಲ್ಲ ಅದನ್ನು ಕೆರಳಿಸುತ್ತವೆ."

ನಾನು ಪುಸ್ತಕ ಮುಚ್ಚಿದೆ.

ಎಂಟು ವರ್ಷಗಳ ಹಿಂದೆ ನಮ್ಮ ತೋಟದಲ್ಲಿ ಒಬ್ಬನಿದ್ದ. ಮರಗಸಿಯಲ್ಲಿ, ಅಂದರೆ ನೆರಳಿನ ಮರಗಳ ಕೊಂಬೆ ಸವರುವುದರಲ್ಲಿ, ಅವನಿಗೆ ಸಮನಾದವರು ಸುತ್ತಮುತ್ತ ಇರಲಿಲ್ಲ. ಕುಡಿತವಿತ್ತು, ಹೊಟ್ಟೆಯೂ ಊದಿಕೊಂಡಿತ್ತು. ಆ ವರ್ಷ ಕುಯ್ಲಿನ ಹೊತ್ತಿಗೆ ಹಗಲೆಲ್ಲ ಕಾಫಿ ಗಿಡದ ಬುಡದಲ್ಲಿ ತೂಕಡಿಸುತ್ತಿದ್ದ, ರಾತ್ರಿ ಕೆಲಸಗಾರರ ಲೈನ್ ಮನೆಗಳ ಮುಂದೆ ಒಬ್ಬನೇ ಓಡಾಡುತ್ತಿದ್ದ. ಕೆಲವರು ಗಾಳಿ ಸೋಕಿದೆ ಎಂದರು. ನಾನು ಕುಡಿದ ಅಮಲು ಎಂದುಕೊಂಡು ಬೈದೆ, ಹಾಜರಿ ಪುಸ್ತಕದಲ್ಲಿ ಅರ್ಧ ದಿನ ಎಂದು ಬರೆದೆ. ಅವನ ಹೆಂಡತಿ ನನ್ನ ಬಳಿ ಬಂದು, "ರಾತ್ರಿ ಮಲಗುವುದೇ ಇಲ್ಲ ರೈಟರೇ, ನಾಲ್ಕು ದಿನದಿಂದ ಹೊರಕಡೆಗೂ ಹೋಗಿಲ್ಲ" ಎಂದಿದ್ದಳು. ಕೊನೆಗೆ ಜೀಪಿನಲ್ಲಿ ಆಸ್ಪತ್ರೆಯೊಂದಕ್ಕೆ ಕರೆದೊಯ್ದೆವು. ಅಲ್ಲಿದ್ದ ಎಳೆಯ ವೈದ್ಯರಿಗೆ ಕನ್ನಡ ಅಷ್ಟಾಗಿ ಬರುತ್ತಿರಲಿಲ್ಲ. "ಮೋಷನ್ ಪ್ರಾಬ್ಲಂ?" ಎಂದು ಕೇಳಿದರು. ನಮ್ಮ ಜನರಿಗೆ ಮೋಷನ್ ಎಂದರೆ ಭೇದಿ. ಅವಳು "ಇಲ್ಲ, ಇಲ್ಲ" ಎಂದಳು. ರಾತ್ರಿ ನಿದ್ದೆಯಿಲ್ಲ ಎಂಬುದಷ್ಟೇ ಅವರಿಗೆ ತಿಳಿಯಿತು. ನಿದ್ದೆಗೆ ಮಾತ್ರೆ ಬರೆದುಕೊಟ್ಟರು. ಮೂರನೆಯ ದಿನ ಅವನು ಏಳಲಿಲ್ಲ.

ಮಲ ಸಡಿಲವಾಗಿಸುವ ಲ್ಯಾಕ್ಟುಲೋಸ್ ಸಿರಪ್ ಸಿಕ್ಕಿದ್ದರೆ ಅವನು ಉಳಿಯುತ್ತಿದ್ದ ಎಂದು ನಾನು ಹೇಳುವುದಿಲ್ಲ, ಮಗಳೂ ಹೇಳಲಿಲ್ಲ. ಆದರೆ ಪರೀಕ್ಷೆಗೆಂದು ಬಾಯಿಪಾಠ ಮಾಡುವ ಆ ನಾಲ್ಕು ಕಾರಣಗಳಲ್ಲಿ ಮೊದಲನೆಯದಾದ ಮಲಬದ್ಧತೆ ಅವನ ಹೆಂಡತಿಯ ಬಾಯಲ್ಲಿ ಇತ್ತು. ಅದನ್ನು ಹೊರಗೆ ತರುವ ಪ್ರಶ್ನೆ ವೈದ್ಯರ ಬಾಯಲ್ಲಿ ಇರಲಿಲ್ಲ.

ಮರುದಿನದಿಂದ ನಾವು ಬೇರೆ ರೀತಿಯಲ್ಲಿ ಓದಿದೆವು. ಮಗಳು ರೋಗಲಕ್ಷಣ ಹೇಳುವುದು, ಅದನ್ನು ಲೈನ್ ಮನೆಯವರು ಯಾವ ಮಾತಿನಲ್ಲಿ ಹೇಳುತ್ತಾರೆ ಎಂದು ನಾನು ಹೇಳುವುದು. ಎದೆಯುರಿ, ಹುಳಿತೇಗು, ಓಕರಿಕೆ, ಹೊಟ್ಟೆ ತೊಳಸುವುದು, ಹೊಟ್ಟೆ ನುಲಿಯುವುದು, ಉಬ್ಬರ, ಆಮಶಂಕೆ. ಒಂದೊಂದಕ್ಕೂ ಬೇರೆ ಅರ್ಥವಿದೆ, ಎಲ್ಲವನ್ನೂ 'ಗ್ಯಾಸ್' ಎಂದು ಬರೆದುಕೊಂಡರೆ ರೋಗ ತಪ್ಪಿಸಿಕೊಳ್ಳುತ್ತದೆ. ಕುಯ್ಲಿನ ಕಾಲದಲ್ಲಿ ಹೆಂಗಸರು ಮೈಕೈ ನೋವಿಗೆ ಅಂಗಡಿಯಿಂದ ನೋವಿನ ಮಾತ್ರೆ ತಂದು ಬರಿಹೊಟ್ಟೆಯಲ್ಲಿ ನುಂಗುತ್ತಾರೆ. ಅದರಿಂದ ಜಠರದಲ್ಲಿ ಹುಣ್ಣಾಗಿ ರಕ್ತ ಒಸರಿದರೆ ಮಲ ಕಪ್ಪಾಗುತ್ತದೆ. ರಕ್ತ ಹೋಗುತ್ತಿದೆಯೇ ಎಂದು ಕೇಳಿದರೆ ಇಲ್ಲ ಎನ್ನುತ್ತಾರೆ, ಅವರು ಕೆಂಪನ್ನು ಕಂಡಿಲ್ಲ. "ಡಾಂಬರಿನಂತೆ ಕಪ್ಪಗೆ, ಅಂಟಂಟಾಗಿ, ಬಹಳ ನಾತವಾಗಿ ಹೋಗುತ್ತಿದೆಯೇ?" ಎಂದು ಕೇಳಬೇಕು. ಕಬ್ಬಿಣಾಂಶದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ಅದನ್ನೂ ವಿಚಾರಿಸಬೇಕು.

ಕಾಮಾಲೆಯ ಬಗ್ಗೆ ನಮ್ಮ ಕಡೆ ಹೇಳುವುದೇ ಬೇಡ. ಕೆಟ್ಟ ನೀರಿನಿಂದ ಹರಡುವ ಹೆಪಟೈಟಿಸ್ ಎ ಮತ್ತು ಇ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತವೆ, ಹೆಸರು ನಾಟಿ ಮದ್ದಿಗೆ ಬರುತ್ತದೆ. ಗರ್ಭಿಣಿಯರಿಗೆ ಇದೇ ಹೆಪಟೈಟಿಸ್ ಇ ಪ್ರಾಣಾಂತಿಕವಾಗಬಹುದು. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡು ಬಂದ ಕಾಮಾಲೆಯೂ ಪಥ್ಯದಿಂದ ಹೋಗುವುದಿಲ್ಲ. ಆಗ ಮೈ ಕೆರೆತ ಬರುತ್ತದೆ, ಮಲ ಸುಣ್ಣದಂತೆ ಬಿಳಿಚಿಕೊಳ್ಳುತ್ತದೆ. ಇಷ್ಟನ್ನು ಕನ್ನಡದಲ್ಲಿ ತಿಳಿಯಹೇಳುವ ಒಬ್ಬ ವೈದ್ಯರಿದ್ದರೆ ಜನ ಖಂಡಿತ ಕೇಳುತ್ತಾರೆ.

ಕೊನೆಯ ವರ್ಷದ ಪ್ರಾಯೋಗಿಕ ಪರೀಕ್ಷೆಯಲ್ಲಿ ವಿದ್ಯಾರ್ಥಿಗೆ ಒಬ್ಬ ರೋಗಿಯನ್ನು ಒಪ್ಪಿಸುತ್ತಾರಂತೆ. ರೋಗಿಯನ್ನು ವಿಚಾರಿಸುವಾಗ ಪರೀಕ್ಷಕರು ಜೊತೆಗಿರುವುದಿಲ್ಲ. ಆಮೇಲೆ ಬಂದು ಇಂಗ್ಲಿಷಿನಲ್ಲಿ ವರದಿ ಕೇಳುತ್ತಾರೆ. ರೋಗಿ ನಡುವೆ ಸುಮ್ಮನೆ ಮಲಗಿರುತ್ತಾರೆ. 2019ರ ಹೊಸ ಪಠ್ಯಕ್ರಮದಲ್ಲಿ ರೋಗಿಯೊಡನೆ ಮಾತನಾಡುವುದನ್ನೂ ಕಲಿಸಬೇಕೆಂದು ಇದೆ. ಹಾಗಿದ್ದಮೇಲೆ ಪರೀಕ್ಷಕರು ಐದು ನಿಮಿಷ ಪಕ್ಕದಲ್ಲೇ ನಿಂತು, ವಿದ್ಯಾರ್ಥಿ ಕನ್ನಡದಲ್ಲಿ ಕೇಳುವ ಪ್ರಶ್ನೆಗಳನ್ನು ಆಲಿಸಿ ಅಂಕ ಕೊಡಲಿ. ಅಂಕವಿದ್ದರೆ ಮಕ್ಕಳು ಓದುತ್ತಾರೆ, ಇದನ್ನು ನನ್ನ ಮನೆಯಲ್ಲೇ ಕಂಡಿದ್ದೇನೆ. ಸರ್ಕಾರಿ ಕಾಲೇಜುಗಳ ನೂರಕ್ಕೆ 15 ಸೀಟುಗಳು ಅಖಿಲ ಭಾರತ ಕೋಟಾಕ್ಕೆ ಹೋಗುತ್ತವೆ. ಹೊರರಾಜ್ಯಗಳಿಂದ ಬರುವ ಆ ಮಕ್ಕಳನ್ನು ನಾನು ದೂರುತ್ತಿಲ್ಲ. ಅಷ್ಟೊಂದು ಲ್ಯಾಟಿನ್ ಹೆಸರುಗಳನ್ನು ಕಲಿಯುವವರಿಗೆ ನಮ್ಮ ನೂರು ಮಾತುಗಳು ಭಾರವಾಗಲಾರವು. ಕಲಿಸುವ ಹೊಣೆ ನಮ್ಮದು. ಈಗ ತೋಟಗಳಿಗೆ ಅಸ್ಸಾಮಿನಿಂದಲೂ ಕೆಲಸಗಾರರು ಬರುತ್ತಿದ್ದಾರೆ, ಅವರ ಮಾತಿಗೂ ಒಂದು ದಾರಿ ಹುಡುಕಬೇಕು.

ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ವೈದ್ಯಕೀಯ ಕಾಲೇಜುಗಳ ಅಧ್ಯಾಪಕರು ಕೇಳಿದರೆ ನಮ್ಮ ಪಟ್ಟಿಯನ್ನು ಪ್ರತಿ ಮಾಡಿ ಕಳುಹಿಸುತ್ತೇನೆ. ಈವರೆಗೆ 64 ಮಾತುಗಳಾಗಿವೆ. ಮೊದಲ ಸಾಲಿನಲ್ಲಿ "ಹೊರಕಡೆಗೆ ಹೋಗಿಲ್ಲ" ಎಂದು ಬರೆದು, ಎದುರಿಗೆ ಮಗಳು ಅದರ ಇಂಗ್ಲಿಷ್ ಹೆಸರನ್ನು ಬರೆದಿದ್ದಾಳೆ.

– ಒಬ್ಬ ತೋಟದ ರೈಟರ್, ಮೂಡಿಗೆರೆ ತಾಲ್ಲೂಕು