ಬಿಲ್ ರಸೆಲ್ ಸೊಕ್ಕಿನವನೇ? ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ಓದಿದೆ. ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಪಟ್ಟವನ್ನು ಹದಿಮೂರು ಋತುಗಳಲ್ಲಿ ಹನ್ನೊಂದು ಸಲ ಗೆದ್ದ ಬಿಲ್ ರಸೆಲ್, ಹಸ್ತಾಕ್ಷರ ಕೇಳಿ ಬಂದವರನ್ನು ಬರಿಗೈಯಲ್ಲಿ ಕಳಿಸುತ್ತಿದ್ದನಂತಲ್ಲ, ಅದು ಸೊಕ್ಕಲ್ಲದೆ ಇನ್ನೇನು ಎಂದು ಕೇಳಿದ್ದೀಯ. ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐಯ ಕಡತದಲ್ಲೂ ಹೀಗೇ ಬರೆದಿದ್ದರು: ಬಿಳಿಯರ ಮಕ್ಕಳಿಗೆ ಸಹಿ ಹಾಕದ ಅಹಂಕಾರಿ ನೀಗ್ರೋ ಎಂದು. ನಿನ್ನನ್ನು ಅವರ ಸಾಲಿಗೆ ಸೇರಿಸುತ್ತಿಲ್ಲ, ಕೋಪಿಸಿಕೊಳ್ಳಬೇಡ. ಆತ ಸಹ ಆಟಗಾರರಿಗೂ ಸಹಿ ಹಾಕುತ್ತಿರಲಿಲ್ಲ. ಕಾಗದದ ಮೇಲೆ ಗೀಚುವುದಕ್ಕಿಂತ ಕೈ ಕುಲುಕಿ ಎರಡು ಮಾತಾಡುವುದೇ ಮೇಲು ಎನ್ನುತ್ತಿದ್ದ. ಕೈಯಲ್ಲಿ ಪುಸ್ತಕ ಹಿಡಿದು ನಿಂತ ಮಗುವಿಗೆ ಇದೆಲ್ಲ ಹೇಗೆ ಅರ್ಥವಾಗಬೇಕು ಎಂದು ನೀನು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಆದರೂ ಆತನನ್ನು ಸೊಕ್ಕಿನವನೆಂದು ಒಪ್ಪಲಾರೆ.

ರಸೆಲ್ ಹುಟ್ಟಿದ್ದು 1934ರಲ್ಲಿ, ಲೂಸಿಯಾನಾದ ವೆಸ್ಟ್ ಮನ್ರೋದಲ್ಲಿ. ಒಮ್ಮೆ ಅಪ್ಪ ಚಾರ್ಲ್ಸ್ ಪೆಟ್ರೋಲ್ ಹಾಕಿಸಲು ಹೋದಾಗ, ಬಿಳಿಯರದೆಲ್ಲ ಮುಗಿಯುವವರೆಗೆ ಕಾಯಿಸಿದರು. ಬೇಸತ್ತು ಹೊರಟರೆ ಬಂಕಿನವನು ಬಂದೂಕು ತಂದು ಮುಖಕ್ಕೆ ಹಿಡಿದ. ಅಮ್ಮ ಕೇಟಿ ಒಳ್ಳೆಯ ಉಡುಪು ಧರಿಸಿ ಪೇಟೆಗೆ ಹೋದರೆ, ಇದು ಬಿಳಿಯ ಹೆಂಗಸರ ಉಡುಪು, ಮನೆಗೆ ಹೋಗಿ ಬಿಚ್ಚು ಎಂದು ಪೊಲೀಸನೊಬ್ಬ ಗದರಿಸಿದ. ಎರಡನೆಯ ಮಹಾಯುದ್ಧದ ದಿನಗಳಲ್ಲಿ ಈ ಕುಟುಂಬ ಗಂಟುಮೂಟೆ ಕಟ್ಟಿ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್‌ಗೆ ಹೋಯಿತು.

ಅಲ್ಲಿನ ಒಂದು ಪ್ರಸಂಗವನ್ನು ರಸೆಲ್ ಮುದುಕನಾದ ಮೇಲೂ ಹೇಳುತ್ತಿದ್ದ. ಮನೆಯ ಮುಂದೆ ಕೂತಿದ್ದಾಗ ಐದು ಹುಡುಗರು ಓಡಿಹೋದರು, ಅವರಲ್ಲೊಬ್ಬ ಸುಮ್ಮಸುಮ್ಮನೆ ಇವನ ಕೆನ್ನೆಗೆ ಬಾರಿಸಿದ. ಅಮ್ಮ ಮಗನನ್ನು ಎಳೆದುಕೊಂಡು ಹೋಗಿ ಆ ಐವರನ್ನೂ ಹುಡುಕಿದಳು, ಒಬ್ಬೊಬ್ಬರ ಜೊತೆಯೂ ಬೇರೆ ಬೇರೆಯಾಗಿ ಹೊಡೆದಾಡಿಸಿದಳು. ಎರಡರಲ್ಲಿ ಗೆದ್ದ, ಮೂರರಲ್ಲಿ ಸೋತ. ಹೊಡೆದವನು ಒಬ್ಬನೇ ಅಲ್ಲವೇ, ಉಳಿದವರ ಮೇಲೇಕೆ ಎಂದು ಅಳುತ್ತ ಕೇಳಿದರೆ, ಗೆದ್ದೆಯೋ ಸೋತೆಯೋ ಮುಖ್ಯವಲ್ಲ, ನೀನು ಹಿಂದೆ ಸರಿಯಲಿಲ್ಲವಲ್ಲ, ಅಷ್ಟು ಸಾಕು ಎಂದಳಂತೆ. ಇಂದಿನ ಯಾವ ಮಕ್ಕಳ ತಜ್ಞರೂ ಇದಕ್ಕೆ ಒಪ್ಪಲಿಕ್ಕಿಲ್ಲ. ಇದೇ ಅಮ್ಮ ಮಗನನ್ನು ಗ್ರಂಥಾಲಯಕ್ಕೂ ಹಚ್ಚಿದಳು. ಅಲ್ಲಿ ಮೈಕೆಲ್ಯಾಂಜೆಲೊನ ಚಿತ್ರಗಳನ್ನು ಹುಡುಗ ಗಂಟೆಗಟ್ಟಲೆ ನೋಡಿ, ಮನೆಗೆ ಬಂದು ನೆನಪಿನಿಂದ ಬಿಡಿಸಲು ಯತ್ನಿಸುತ್ತಿದ್ದ. ಗುಲಾಮರು ಆಫ್ರಿಕಾದಲ್ಲಿದ್ದುದಕ್ಕಿಂತ ಅಮೆರಿಕದಲ್ಲೇ ಸುಖವಾಗಿದ್ದರು ಎಂಬ ಇತಿಹಾಸ ಪುಸ್ತಕದ ಸಾಲನ್ನು ಓದಿ ಆತ ಕೆರಳಿದ್ದೂ ಅಲ್ಲೇ.

ಹನ್ನೆರಡು ವರ್ಷದವನಿದ್ದಾಗ ಅಮ್ಮ ತೀರಿಕೊಂಡಳು. ಮಕ್ಕಳಿಬ್ಬರನ್ನು ತಾವು ಸಾಕುತ್ತೇವೆಂದು ನೆಂಟರು ಮುಂದೆ ಬಂದರೂ ಅಪ್ಪ ಒಪ್ಪಲಿಲ್ಲ. ಇಬ್ಬರನ್ನೂ ಕಾಲೇಜಿಗೆ ಕಳಿಸಬೇಕೆಂಬುದು ಆಕೆಯ ಆಸೆಯಾಗಿತ್ತು. ಲಾರಿಯ ಕೆಲಸದಲ್ಲಿ ಮನೆ ಬಿಟ್ಟು ದಿನಗಟ್ಟಲೆ ಅಲೆಯಬೇಕಾಗುತ್ತದೆಂದು ಅಪ್ಪ ಅದನ್ನು ಬಿಟ್ಟು ಲೋಹದ ಎರಕದ ಕಾರ್ಖಾನೆ ಸೇರಿದ. ಮಗ ಹಣವಂತನಾಗಿ, ಇನ್ನು ದುಡಿಯುವುದು ಸಾಕು ಎಂದಾಗ ಅಪ್ಪ ನಕ್ಕನಂತೆ: ನನ್ನ ಒಳ್ಳೆಯ ವರ್ಷಗಳನ್ನೆಲ್ಲ ಇವರಿಗೆ ಕೊಟ್ಟಿದ್ದೇನೆ, ಕೆಟ್ಟವನ್ನೂ ಒಂದಿಷ್ಟು ಕೊಡುತ್ತೇನೆ. ಈ ಅಪ್ಪನ ಮೇಲೆ ನನಗೆ ಮಗನಿಗಿಂತ ಹೆಚ್ಚು ಅಕ್ಕರೆ.

ಆಟದ ಲೆಕ್ಕ ನಿನಗೆ ಗೊತ್ತೇ ಇದೆ: ಸ್ಯಾನ್ ಫ್ರಾನ್ಸಿಸ್ಕೊ ವಿಶ್ವವಿದ್ಯಾಲಯಕ್ಕೆ 1955 ಮತ್ತು 1956ರ ಕಾಲೇಜು ಪಟ್ಟಗಳು, ಅದೇ ವರ್ಷ ಮೆಲ್ಬರ್ನ್ ಒಲಿಂಪಿಕ್ಸ್ ಚಿನ್ನ, ಆಮೇಲೆ ಎನ್‌ಬಿಎಯ ಬಾಸ್ಟನ್ ಸೆಲ್ಟಿಕ್ಸ್ ತಂಡ. ರಕ್ಷಣೆಗೆ ನಿಂತವನು ನೆಲ ಬಿಟ್ಟು ಹಾರಬಾರದು ಎಂದು ತರಬೇತುದಾರರು ಹೇಳುತ್ತಿದ್ದ ಕಾಲ ಅದು. ಈತ ಹಾರಿ, ಎದುರಾಳಿ ಬುಟ್ಟಿಯತ್ತ ಎಸೆದ ಚೆಂಡನ್ನು ತಡೆಯುತ್ತಿದ್ದ. ಅದಕ್ಕಿಂತ ಜಾಣತನವೆಂದರೆ, ತಡೆದ ಚೆಂಡನ್ನು ಅಂಕಣದಾಚೆ ಬಾರಿಸದೆ ತನ್ನವರ ಕೈಗೆ ಸಿಗುವಂತೆ ತಟ್ಟುತ್ತಿದ್ದ.

1961ರ ಅಕ್ಟೋಬರ್‌ನಲ್ಲಿ ಕೆಂಟಕಿಯ ಲೆಕ್ಸಿಂಗ್ಟನ್‌ನಲ್ಲಿ ಪ್ರದರ್ಶನ ಪಂದ್ಯವಿತ್ತು. ತಂಗಿದ್ದ ಹೋಟೆಲಿನ ಕಾಫಿ ಅಂಗಡಿಯಲ್ಲಿ ತಂಡದ ಕಪ್ಪು ಆಟಗಾರರಾದ ಸ್ಯಾಮ್ ಜೋನ್ಸ್ ಮತ್ತು ಸ್ಯಾಚ್ ಸ್ಯಾಂಡರ್ಸ್‌ಗೆ ಊಟ ಕೊಡಲಿಲ್ಲ. ತರಬೇತುದಾರ ರೆಡ್ ಔರ್‌ಬ್ಯಾಕ್ ಮಾತಾಡಿದ ಮೇಲೆ ಹೋಟೆಲಿನವರು ಬಡಿಸಲು ಒಪ್ಪಿದರು. ರಸೆಲ್ ಒಪ್ಪಲಿಲ್ಲ. ತಂಡದಲ್ಲಿದ್ದಾರೆ ಎಂಬ ಕಾರಣಕ್ಕೆ ಸಿಗುವ ಊಟ, ತಂಡದಲ್ಲಿಲ್ಲದ ಕಪ್ಪು ಮನುಷ್ಯನಿಗೆ ಸಿಗುತ್ತದೆಯೇ? ಕಪ್ಪು ಆಟಗಾರರು ಆಡದೆ ಊರಿಗೆ ಮರಳಿದರು. ಓಕ್‌ಲ್ಯಾಂಡಿನ ಆ ಹೊಡೆದಾಟವನ್ನು ಓದಿದವರಿಗೆ ಇದರಲ್ಲಿ ಅಚ್ಚರಿ ಏನೂ ಕಾಣದು.

ಬಾಸ್ಟನ್ನಿನ ಬಳಿಯ ರೆಡಿಂಗ್‌ನಲ್ಲಿ ಆತನ ಮನೆಗೆ ನುಗ್ಗಿದವರು ಗೋಡೆಗಳ ಮೇಲೆ ಬೈಗುಳ ಬರೆದರು, ಟ್ರೋಫಿಗಳನ್ನು ಒಡೆದರು, ಹಾಸಿಗೆಯಲ್ಲಿ ಮಲವಿಸರ್ಜನೆ ಮಾಡಿ ಹೋದರು. ಮಗಳು ಕ್ಯಾರೆನ್ 1987ರಲ್ಲಿ ಅದನ್ನು ಪತ್ರಿಕೆಯಲ್ಲಿ ಬರೆದಳು. ಎಫ್‌ಬಿಐ ಕಡತದ ಮಾತೂ ಅದೇ ಬರಹದಲ್ಲಿದೆ. ಊರಿಗೆ ಪಟ್ಟದ ಮೇಲೆ ಪಟ್ಟ ತಂದವನಿಗೆ ಊರು ಕೊಟ್ಟ ಬಾಗಿನ ಇದು. ನಾನು ಆಡಿದ್ದು ಸೆಲ್ಟಿಕ್ಸ್‌ಗಾಗಿ, ಬಾಸ್ಟನ್‌ಗಾಗಿ ಅಲ್ಲ ಎಂಬ ಆತನ ಮಾತನ್ನು ಇದರ ಪಕ್ಕದಲ್ಲಿಟ್ಟು ಓದು.

1963ರಲ್ಲಿ ನಾಗರಿಕ ಹಕ್ಕುಗಳ ನಾಯಕ ಮೆಡ್ಗರ್ ಎವರ್ಸ್ ಕೊಲೆಯಾದ ಬೆನ್ನಿಗೆ ಮಿಸಿಸಿಪಿಯ ಜ್ಯಾಕ್ಸನ್‌ಗೆ ಹೋಗಿ, ಕಪ್ಪು-ಬಿಳಿ ಮಕ್ಕಳಿಗೆ ಒಟ್ಟಿಗೇ ಆಟ ಕಲಿಸಿದ. 1967ರಲ್ಲಿ ಸೇನೆಗೆ ಸೇರಲೊಪ್ಪದ ಮುಹಮ್ಮದ್ ಅಲಿಯ ಬೆಂಬಲಕ್ಕೆ ಕ್ಲೀವ್‌ಲ್ಯಾಂಡ್‌ನಲ್ಲಿ ನಿಂತ. ಅದಕ್ಕೂ ಒಂದು ವರ್ಷ ಮೊದಲೇ ಔರ್‌ಬ್ಯಾಕ್ ಕೆಳಗಿಳಿದು ಆತನನ್ನೇ ಆಟಗಾರ-ತರಬೇತುದಾರನನ್ನಾಗಿ ಮಾಡಿದ್ದ. ಎನ್‌ಬಿಎಯ ಮೊದಲ ಕಪ್ಪು ಮುಖ್ಯ ತರಬೇತುದಾರ. ಆ ಹುದ್ದೆಯಲ್ಲೂ ಎರಡು ಪಟ್ಟ ಗೆದ್ದ.

1975ರಲ್ಲಿ ಶ್ರೇಷ್ಠ ಆಟಗಾರರನ್ನು ಗೌರವಿಸುವ ಬಾಸ್ಕೆಟ್‌ಬಾಲ್ ಹಾಲ್ ಆಫ್ ಫೇಮ್ ಆತನನ್ನು ಸೇರಿಸಿಕೊಂಡಾಗ ಸಮಾರಂಭಕ್ಕೇ ಹೋಗಲಿಲ್ಲ. ನನಗಿಂತ ಮೊದಲು ಸಲ್ಲಬೇಕಾದವರು ಬೇರೆ ಇದ್ದಾರೆ ಎಂಬುದು ಕಾರಣ. ಎನ್‌ಬಿಎ ತಂಡವೊಂದು ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸಬರನ್ನು ಆರಿಸುವಾಗ, ಆರಿಸಿಕೊಂಡ ಮೊದಲ ಕಪ್ಪು ಆಟಗಾರ ಚಕ್ ಕೂಪರ್‌ಗೆ ಆ ಗೌರವ ಸಿಕ್ಕಿದ್ದು 2019ರಲ್ಲಿ, ಆತ ಸತ್ತು ಮೂವತ್ತೈದು ವರ್ಷಗಳ ನಂತರ. ಆ ವರ್ಷವೇ ರಸೆಲ್, ಎಂಬತ್ತೈದರ ಮುದುಕ, ನಾಲ್ಕಾರು ಗೆಳೆಯರ ಎದುರು ತನ್ನ ಹಾಲ್ ಆಫ್ ಫೇಮ್ ಉಂಗುರವನ್ನು ತೊಟ್ಟುಕೊಂಡ. ನಲವತ್ತನಾಲ್ಕು ವರ್ಷ ಹಟ ಹಿಡಿಯುವುದು ಬರೀ ಸೊಕ್ಕಿನಿಂದ ಆಗುವ ಕೆಲಸವಲ್ಲ.

ರಸೆಲ್‌ನ ಕಾಲದ ಎದುರಾಳಿ ವಿಲ್ಟ್ ಚೇಂಬರ್ಲಿನ್ ಇವನಿಗಿಂತ ದೊಡ್ಡ ಆಟಗಾರ ಎಂದು ನೀನು ಕೊನೆಯಲ್ಲಿ ಸೇರಿಸಿದ ಸಾಲಿಗೆ ಬೇರೆಯೇ ಪತ್ರ ಬೇಕು. ಅಂಕಗಳ ಪಟ್ಟಿ ಹಿಡಿದುಕೊಂಡು ಬರಬೇಡ.

ನಿನ್ನ ಗೆಳೆಯ